ಗೋ-ಲೈವ್ ಆಯಿತು, ಕಾರ್ಖಾನೆ ನಿಂತಿತು

ಕಾರ್ಖಾನೆಗೆ ಇಆರ್‌ಪಿ ಎಂಬ, ಎಲ್ಲ ವಿಭಾಗಗಳ ಲೆಕ್ಕವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಬರುವ ಮುಂಚೆ ಸ್ಟೋರ್ಸಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಂದ ಮೇಲೂ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ: ಮೊದಲು ಗೊತ್ತಿಲ್ಲದಿರುವುದು ಪುಕ್ಕಟೆಯಾಗಿತ್ತು. ಈಗ ಅದಕ್ಕೆ ವರ್ಷ ವರ್ಷ ಲೈಸೆನ್ಸ್ ಫೀ ಕಟ್ಟಬೇಕು.

ಆದರೂ ಯಾವುದೋ ಬೋರ್ಡ್‌ರೂಮಿನಲ್ಲಿ ಯಾರೋ ಒಬ್ಬ ಎಂಡಿ ಎದ್ದು ನಿಂತು ಘೋಷಿಸುತ್ತಲೇ ಇರುತ್ತಾರೆ. ಇನ್ನು ಎಲ್ಲವೂ ಪಾರದರ್ಶಕ. ಎಲ್ಲವೂ ರಿಯಲ್ ಟೈಮ್. ಎಲ್ಲವೂ ಒಂದೇ ಪರದೆಯ ಮೇಲೆ. ಚಪ್ಪಾಳೆ. ಗೋಡಂಬಿ ಬರ್ಫಿ. ಎರಡು ವರ್ಷ ಕಳೆದ ಮೇಲೆ ಅದೇ ಎಂಡಿ ಅದೇ ರೂಮಿನಲ್ಲಿ ಗುಡುಗುತ್ತಾರೆ: ಈ ದರಿದ್ರ ಸಾಫ್ಟ್‌ವೇರನ್ನು ತಂದವರು ಯಾರು?

ಸಹಿ ನಿಮ್ಮದೇ ಸ್ವಾಮಿ.

ಈ ಸರಕು ನಿನ್ನೆ ಮೊನ್ನೆ ಬಂದದ್ದಲ್ಲ. ಜರ್ಮನಿಯಲ್ಲಿ ಐಬಿಎಂ ಕೆಲಸ ಬಿಟ್ಟ ಐದು ಜನ ಎಂಜಿನಿಯರುಗಳು ಇಂಥ ಸಾಫ್ಟ್‌ವೇರ್ ಮಾರುವ ಸ್ಯಾಪ್ ಕಂಪನಿ ಕಟ್ಟಿದ್ದು 1972ರಲ್ಲಿ. ಕಾರ್ಖಾನೆಗೆ ಯಾವ ಸಾಮಾನು, ಎಷ್ಟು, ಯಾವತ್ತು ಬೇಕು ಎಂದು ಲೆಕ್ಕ ಹಾಕುವ ಎಂಆರ್‌ಪಿ ವಿಧಾನದ ಬಗ್ಗೆ ಜೋಸೆಫ್ ಆರ್ಲಿಕಿ ಪುಸ್ತಕ ಬರೆದದ್ದು 1975ರಲ್ಲಿ. ಅರ್ಧ ಶತಮಾನ ಆಯಿತು. ಕೂಡು, ಕಳೆ, ಗುಣಿಸು. ಇಷ್ಟು ಹಳೆಯ ಲೆಕ್ಕ ಇವತ್ತಿಗೂ ತಪ್ಪುತ್ತಿದೆ ಎಂದರೆ ಒಳಗೆ ತುಂಬಿದ ಅಂಕಿಯನ್ನು ಅನುಮಾನಿಸಬೇಕು. ತುಂಬಿದವರನ್ನು ಅನುಮಾನಿಸಬೇಕು. ತುಂಬಿಸಿದವರನ್ನಂತೂ ಅನುಮಾನಿಸಲೇಬೇಕು.

ಯಾಕೆಂದರೆ ಇಆರ್‌ಪಿ ಕೇಳುವುದು ನಿಜ. ಕಾರ್ಖಾನೆ ನಡೆಯುವುದು ಅಡ್ಜಸ್ಟ್‌ಮೆಂಟ್ ಮೇಲೆ. ಎಲ್ಲರಿಗೂ ಪಕ್ಕದ ಡಿಪಾರ್ಟ್‌ಮೆಂಟಿನ ಲೆಕ್ಕ ಬಯಲಾಗಬೇಕು. ತಮ್ಮದು ಮಾತ್ರ ಮುಚ್ಚಿರಬೇಕು.

ಇದು ಕಾರ್ಖಾನೆಗಳೇ ತುಂಬಿದ ನಮ್ಮ ಬೆಂಗಳೂರಿನ ಪೀಣ್ಯದ ಹಣೆಬರಹ ಮಾತ್ರ, ಪರದೇಶದವರು ಶಿಸ್ತಿನ ಸಿಪಾಯಿಗಳು ಎಂದು ಹಲುಬುವವರು ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿಯ ಕಥೆ ಕೇಳಿ. 11.2 ಕೋಟಿ ಡಾಲರಿನ ಯೋಜನೆ. 48 ತಿಂಗಳು ಬೇಕು ಅಂದರು ಬಲ್ಲವರು. 30 ತಿಂಗಳಲ್ಲಿ ಮುಗಿಸಿ ಅಂದರು ದೊಡ್ಡವರು. ಇಸವಿ 2000 ಬಂದರೆ ಹಳೆ ಕಂಪ್ಯೂಟರೆಲ್ಲ ಕೈಕೊಡುತ್ತವೆ ಎಂಬ ವೈ2ಕೆ ಭಯ ಬೇರೆ. ಸ್ಯಾಪ್ ಒಂದು, ಉತ್ಪಾದನೆಯ ಯೋಜನೆಗೆ ಮ್ಯಾನುಜಿಸ್ಟಿಕ್ಸ್ ಒಂದು, ಗಿರಾಕಿಗಳ ವ್ಯವಹಾರಕ್ಕೆ ಸೀಬಲ್ ಇನ್ನೊಂದು. ಮೂರನ್ನೂ ಒಟ್ಟಿಗೇ ಎಬ್ಬಿಸಿ ಕೂರಿಸಿದರು.

ಯಾವಾಗ? ಏಪ್ರಿಲಿನಲ್ಲಿ ಆಗಬೇಕಿದ್ದದ್ದು ಜಾರಿ ಜಾರಿ 1999ರ ಜುಲೈಗೆ ಬಂತು. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್. ಅಮೆರಿಕದ ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬ. ಅದಕ್ಕೆ ಅಂಗಡಿಯವರ ಆರ್ಡರುಗಳು ಸುರಿಯಲು ಶುರುವಾಗುವುದೇ ಜುಲೈ ಹೊತ್ತಿಗೆ. ದೀಪಾವಳಿ ಹಿಂದಿನ ವಾರ ಪಟಾಕಿ ಅಂಗಡಿಯವನು ಬೀಗ ಬದಲಿಸಿ ಕೀಲಿ ಕಳೆದುಕೊಂಡ ಹಾಗಾಯಿತು. ಹತ್ತಿರ ಹತ್ತಿರ ಹತ್ತು ಕೋಟಿ ಡಾಲರಿನ ಆರ್ಡರುಗಳನ್ನು ಪೂರೈಸಲಾಗಲಿಲ್ಲ. ಆ ತ್ರೈಮಾಸಿಕದ ಲಾಭ ನೂರಕ್ಕೆ 19ರಷ್ಟು ಬಿತ್ತು.

ತಮಾಷೆ ಏನು ಗೊತ್ತೇ? ಚಾಕೊಲೇಟ್ ಇತ್ತು. ರಾಶಿ ರಾಶಿ ಇತ್ತು. ಸೀಸನ್ನಿನಲ್ಲಿ ಸರಕು ಹೆಚ್ಚಾದಾಗ ಅಲ್ಲಿ ಇಲ್ಲಿ ಸಿಕ್ಕ ಜಾಗದಲ್ಲಿ ತಾತ್ಕಾಲಿಕವಾಗಿ ಪೇರಿಸಿಡುವುದು ಅಲ್ಲಿನ ರೂಢಿ. ಆ ಜಾಗಗಳೆಲ್ಲ ಹಳೇ ನೌಕರರ ತಲೆಯಲ್ಲಿ ಇದ್ದವು. ಸಿಸ್ಟಮ್ಮಿನಲ್ಲಿ ಇರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಕೋಟಿಗಟ್ಟಲೆ ಡಾಲರು ಸುರಿದವರಿಗೆ ಗೋದಾಮಿನ ನೌಕರನ ಜೊತೆ ಒಂದು ಲೋಟ ಕಾಫಿ ಕುಡಿಯುವಷ್ಟು ಪುರುಸೊತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಕಳೆಯಿತು. ಜಗತ್ತು ಪಾಠ ಕಲಿಯಿತೇ? 2018ರಲ್ಲಿ ಲಿಪ್‌ಸ್ಟಿಕ್, ನೇಲ್ ಪಾಲಿಶ್ ಮಾಡುವ ರೆವ್ಲಾನ್ ಕಂಪನಿ ನಾರ್ತ್ ಕ್ಯಾರೊಲಿನಾದ ಆಕ್ಸ್‌ಫರ್ಡ್ ಕಾರ್ಖಾನೆಯಲ್ಲಿ ಹೊಸ ಸ್ಯಾಪ್ ಶುರು ಮಾಡಿತು. ಸುಮಾರು 6.4 ಕೋಟಿ ಡಾಲರಿನ ಮಾಲು ಗಿರಾಕಿಗಳಿಗೆ ಹೋಗಲಿಲ್ಲ. ಮರುವರ್ಷ ಷೇರುದಾರರು ಕೋರ್ಟಿಗೆ ಹೋದರು. ಬಣ್ಣ ಹಚ್ಚುವುದೇ ಕಸುಬಾದ ಕಂಪನಿಗೂ ಈ ಮುಖವನ್ನು ಮುಚ್ಚಲಾಗಲಿಲ್ಲ.

ಈಗ ಊರಿಗೆ ಬರೋಣ. ಬೆಂಗಳೂರಿನ ಒಂದು ಮೂಲೆ ವೈಟ್‌ಫೀಲ್ಡ್. ಸ್ಯಾಪ್ ಕಂಪನಿಯ ದೊಡ್ಡ ಲ್ಯಾಬ್ ಅಲ್ಲಿದೆ. ದೇಶ ದೇಶಗಳ ಕಾರ್ಖಾನೆ ಓಡಿಸುವ ಕೋಡ್ ಬರೆಯುವವರು ಅಲ್ಲಿ ಕೂತಿದ್ದಾರೆ. ಇನ್ನೊಂದು ಮೂಲೆ ಪೀಣ್ಯ. ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಮೆಟ್ರೋ ಬದಲಿಸಿದರೆ ತಲುಪಬಹುದು. ಅಲ್ಲಿನ ಸ್ಟೋರ್‌ಕೀಪರಿನ ಜೇಬಿನಲ್ಲಿ ಅಂಚು ಕಪ್ಪಾದ ಪುಟ್ಟ ನೋಟ್‌ಬುಕ್ ಒಂದಿದೆ. ಕಾರ್ಖಾನೆಯ ಅಸಲಿ ಇಆರ್‌ಪಿ ಅದೇ. ಆತ ರಜೆ ಹಾಕಿದ ದಿನ ಸರ್ವರ್ ಡೌನ್.

ಒಂದು ಬೋಲ್ಟ್ ತೆಗೆದುಕೊಳ್ಳಿ. ಎಂ8 ಬೋಲ್ಟ್. ಸಾಮಾನುಗಳ ಪಟ್ಟಿಯಾದ ಐಟಂ ಮಾಸ್ಟರಿನಲ್ಲಿ ಅದು ಒಂದು ಕಡೆ ‘ಬೋಲ್ಟ್ ಎಂ8’. ಇನ್ನೊಂದು ಕಡೆ ‘ಎಂ8 ಬೋಲ್ಟ್’. ಮತ್ತೊಂದು ಕಡೆ ‘ಹೆಕ್ಸ್ ಬೋಲ್ಟ್ 8 ಎಂಎಂ’. ಕೊನೆಗೆ, ಯಾರೋ ಬೇಸತ್ತು ಟೈಪ್ ಮಾಡಿದ ‘ಬೋಲ್ಟ್ 8 ಹೊಸದು’. ನಾಲ್ಕು ಕೋಡ್, ಒಂದೇ ಡಬ್ಬ. ಒಂದು ಕೋಡಿನಲ್ಲಿ ಐದು ಸಾವಿರ ಸ್ಟಾಕ್ ಇದೆ. ಇನ್ನೊಂದರಲ್ಲಿ ಮೈನಸ್ ಮುನ್ನೂರು. ಇಲ್ಲದ ಮುನ್ನೂರು ಬೋಲ್ಟನ್ನು ಯಾವನೋ ಪುಣ್ಯಾತ್ಮ ಯಾವುದೋ ಪಂಪಿಗೆ ಬಿಗಿದಿದ್ದಾನೆ. ಆ ಪಂಪ್ ಗಿರಾಕಿಯ ಹೊಲದಲ್ಲಿ ನೀರೂ ಎತ್ತುತ್ತಿದೆ. ಕಂಪ್ಯೂಟರ್ ಮಾತ್ರ ಪರ್ಚೇಸ್ ಡಿಪಾರ್ಟ್‌ಮೆಂಟಿಗೆ ಇನ್ನಷ್ಟು ಬೋಲ್ಟ್ ತರಲು ಹೇಳುತ್ತದೆ. ಅವರು ತರುತ್ತಾರೆ. ಸಿಸ್ಟಮ್ ಹೇಳಿತು ಸಾರ್.

ಮೈನಸ್ ಸ್ಟಾಕ್ ಬರದಂತೆ ತಡೆಯುವ ಸೌಲಭ್ಯ ಸಾಫ್ಟ್‌ವೇರಿನಲ್ಲೇ ಇದೆ. ಒಂದು ಟಿಕ್ ಹಾಕಿದರೆ ಮುಗಿಯಿತು. ಮೊದಲ ವಾರವೇ ಅದನ್ನು ತೆಗೆಸಿದರು. ಅದಿದ್ದರೆ ಪ್ರೊಡಕ್ಷನ್ ನಿಲ್ಲುತ್ತದಂತೆ. ಕಳ್ಳನನ್ನು ಹಿಡಿಯಲು ಕ್ಯಾಮೆರಾ ಹಾಕಿಸಿ, ಲೈನಿನವರಿಗೆ ಮುಜುಗರವಾಗುತ್ತದೆ ಎಂದು ಅದಕ್ಕೆ ಬಟ್ಟೆ ಹೊದಿಸುವ ಜನ ನಾವು.

ನೂರಕ್ಕೆ ತೊಂಬತ್ತೈದು ಲೆಕ್ಕ ಸರಿ ಇದೆ ಎಂದು ಸ್ಟೋರ್ಸ್ ಮ್ಯಾನೇಜರ್ ಎದೆಯುಬ್ಬಿಸಿ ಹೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಅದು ಡಿಸ್ಟಿಂಕ್ಷನ್. ಕಾರ್ಖಾನೆಯಲ್ಲಿ? ಇಪ್ಪತ್ತು ಬಿಡಿಭಾಗ ಸೇರಿ ಒಂದು ಪಂಪ್ ಆಗುತ್ತದೆ ಅಂತಿಟ್ಟುಕೊಳ್ಳಿ. ಪ್ರತಿಯೊಂದರ ಲೆಕ್ಕ ಸರಿ ಇರುವ ಸಾಧ್ಯತೆ ನೂರಕ್ಕೆ 95. ಇಪ್ಪತ್ತರದ್ದೂ ಒಟ್ಟಿಗೇ ಸರಿ ಇರುವ ಸಾಧ್ಯತೆ ನೂರಕ್ಕೆ 36. ಪ್ರತಿಯೊಂದರ ಲೆಕ್ಕ ನೂರಕ್ಕೆ 90 ಆದರೆ? ಬರೀ 12. ಇದು ಪಿಯುಸಿ ಗಣಿತ. ಎಂಆರ್‌ಪಿ ಪಾಠ ಹೇಳಿದ ಆಲಿವರ್ ವೈಟ್ ಪರಂಪರೆಯವರು ಸ್ಟಾಕ್ ಲೆಕ್ಕಕ್ಕೆ 95, ಬಿಡಿಭಾಗಗಳ ಪಟ್ಟಿಯಾದ ಬಿಒಎಮ್ಮಿಗೆ 98 ಕನಿಷ್ಠ ಎಂದು ಎಂದೋ ಗೆರೆ ಎಳೆದಿದ್ದಾರೆ. ಅದು ಪಾಸ್ ಮಾರ್ಕು. ನಾವು ಅದನ್ನು ರ‍್ಯಾಂಕ್ ಎಂದುಕೊಂಡಿದ್ದೇವೆ.

ಬಿಒಎಮ್ಮಿನ ಕಥೆಯಂತೂ ಕೇಳಲೇಬೇಡಿ. ಡಿಸೈನ್ ವಿಭಾಗದ ಡ್ರಾಯಿಂಗಿನಲ್ಲಿ ಒಂದು ವಾಷರ್. ಲೈನಿನಲ್ಲಿ ಹಾಕುವುದು ಎರಡು. ಒಂದು ಹಾಕಿದರೆ ಸೋರುತ್ತದೆ ಎಂದು ಫಿಟ್ಟರಿಗೆ ಎಂಟು ವರ್ಷದಿಂದ ಗೊತ್ತು. ಡಿಸೈನಿನವರಿಗೆ ಗೊತ್ತಿಲ್ಲ. ಗೊತ್ತಾದರೆ ಡ್ರಾಯಿಂಗ್ ತಪ್ಪು ಎಂದು ಒಪ್ಪಬೇಕಾಗುತ್ತದೆ. ಹಾಗಾಗಿ ವಾಷರುಗಳು ತಿಂಗಳು ತಿಂಗಳು ‘ಕಳುವಾಗುತ್ತವೆ’. ಸೆಕ್ಯುರಿಟಿಯವರು ಗೇಟಿನಲ್ಲಿ ಕೆಲಸಗಾರರ ಊಟದ ಡಬ್ಬಿ ತೆಗೆಸಿ ನೋಡುತ್ತಾರೆ.

ರಾತ್ರಿ ಪಾಳಿಯ ರಿಜೆಕ್ಷನ್ ಬೆಂಚಿನಡಿಯ ಟ್ರೇಯಲ್ಲಿ ಮಲಗಿರುತ್ತದೆ. ಎಂಟ್ರಿ ಮಾಡಿದರೆ ಬೆಳಗಿನ ಮೀಟಿಂಗಿನಲ್ಲಿ ಉಗಿತ. ಮಾಡದಿದ್ದರೆ ‘ಗುಡ್ ಜಾಬ್’. ನಿಜ ಹೇಳಿದವನಿಗೆ ಮೆಮೊ, ಮುಚ್ಚಿಟ್ಟವನಿಗೆ ಬೋನಸ್. ಆಮೇಲೆ ಡೇಟಾ ಕ್ವಾಲಿಟಿ ಯಾಕೆ ಸರಿ ಇಲ್ಲ ಎಂದು ಪಂಚತಾರಾ ಹೋಟೆಲಿನಲ್ಲಿ ವರ್ಕ್‌ಶಾಪ್.

ಜಾಬ್ ವರ್ಕ್ ಇನ್ನೊಂದು ಮಾಯಾಲೋಕ. ಕಾಂಪೊನೆಂಟು ಹೀಟ್ ಟ್ರೀಟ್‌ಮೆಂಟಿಗೆ ಪಕ್ಕದ ರಸ್ತೆಯ ಶೆಡ್ಡಿಗೆ ಹೋಗುತ್ತದೆ. ಅಲ್ಲಿಂದ ಪ್ಲೇಟಿಂಗಿಗೆ ಇನ್ನೊಂದು ಶೆಡ್ಡಿಗೆ. ಗೂಡ್ಸ್ ಆಟೋದಲ್ಲಿ, ಒಮ್ಮೊಮ್ಮೆ ಸ್ಕೂಟರಿನ ಮುಂದಿನ ಜಾಗದಲ್ಲಿ. ಚಲನ್ ನಾಳೆ ಮಾಡೋಣ ಎಂಬ ಮಾತಿನ ಮೇಲೆ. ಕಂಪ್ಯೂಟರಿನ ಪ್ರಕಾರ ಮಾಲು ಇನ್ನೂ ಕಾರ್ಖಾನೆಯೊಳಗೇ ಇದೆ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಹಾಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು ಎನ್ನುತ್ತದೆ. ತಪ್ಪಿದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಆಗ ಮಾತ್ರ ಎಲ್ಲರೂ ಓಡಿ ಬಂದು ಸಿಸ್ಟಮ್ ನೋಡುತ್ತಾರೆ. ಸಿಸ್ಟಮ್ ಏನು ಹೇಳೀತು? ಹೋಗಿದ್ದೇ ಅದಕ್ಕೆ ಗೊತ್ತಿಲ್ಲ.

ಕೆಳಗಿನವರನ್ನೇ ಬೈದರೆ ಎಂಡಿಗಳಿಗೆ ಖುಷಿಯಾದೀತು. ಆಗದಿರಲಿ.

ತಿಂಗಳ ಕೊನೆಯ ದಿನ. ಸಂಜೆ ಏಳು. ಸೇಲ್ಸ್ ಟಾರ್ಗೆಟ್ ಮುಟ್ಟಿಲ್ಲ. ಮಾಲು ಇನ್ನೂ ಪೇಂಟ್ ಶಾಪಿನಲ್ಲಿದೆ. ಬಿಲ್ ಮಾಡಿ ಎಂದು ಮೇಲಿನಿಂದ ಫೋನ್ ಬರುತ್ತದೆ. ಇಆರ್‌ಪಿ ಬಿಡುವುದಿಲ್ಲ. ಫಿನಿಶ್ಡ್ ಗೂಡ್ಸ್ ಸ್ಟಾಕ್ ಸೊನ್ನೆ, ಇನ್‌ವಾಯ್ಸ್ ಆಗದು ಎಂದು ಕೆಂಪು ಅಕ್ಷರದಲ್ಲಿ ಹೇಳುತ್ತದೆ. ಆ ಇಡೀ ಕಟ್ಟಡದಲ್ಲಿ ಆ ಹೊತ್ತಿಗೆ ಬೆನ್ನುಮೂಳೆ ಇರುವುದು ಆ ಸಾಫ್ಟ್‌ವೇರಿಗೆ ಮಾತ್ರ.

ಅದನ್ನೂ ಮುರಿಯುತ್ತಾರೆ. ಐಟಿ ಮ್ಯಾನೇಜರನ್ನು ಕರೆಸಿ, ಒಂದು ಸುಳ್ಳು ಪ್ರೊಡಕ್ಷನ್ ಎಂಟ್ರಿ ಹೊಡೆಸಿ, ಬಿಲ್ ಮಾಡಿಸಿ, ಲೋಡಾಗದ ಲಾರಿಯನ್ನು ಗೇಟಿನೊಳಗೇ ನಿಲ್ಲಿಸಿಕೊಂಡು ಹೆಡ್ ಆಫೀಸಿಗೆ ಅಭಿನಂದನೆಯ ಮೆಸೇಜ್ ಹಾಕುತ್ತಾರೆ. ಹೀಗೆ ಮಾಡಿಸಿದವರು ಯಾರು? ಪಾರದರ್ಶಕತೆಯ ಬಗ್ಗೆ ಭಾಷಣ ಮಾಡಿ ಬರ್ಫಿ ಹಂಚಿದವರೇ. ಆ ಒಂದು ಎಂಟ್ರಿಯಿಂದ ಕಚ್ಚಾ ಮಾಲಿನ ಲೆಕ್ಕ ಕೆಟ್ಟಿತು, ಕೂಲಿಯ ಲೆಕ್ಕ ಕೆಟ್ಟಿತು, ಮುಂದಿನ ತಿಂಗಳ ಖರೀದಿಯ ಲೆಕ್ಕ ಕೆಟ್ಟಿತು. ಮೊದಲಾದರೆ ಸುಳ್ಳು ಒಂದು ರಿಜಿಸ್ಟರಿನಲ್ಲಿ ಉಳಿಯುತ್ತಿತ್ತು. ಈಗ ಅದು ಒಂದೇ ಕ್ಷಣದಲ್ಲಿ ಎಲ್ಲ ಡಿಪಾರ್ಟ್‌ಮೆಂಟಿಗೂ ತಲುಪುತ್ತದೆ. ರಿಯಲ್ ಟೈಮ್ ಬೇಕು ಅಂದಿರಲ್ಲ, ಬಂತು.

ಯೋಜನೆಯ ಉಸ್ತುವಾರಿ ನೋಡಿ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆ ಎಲ್ಲ ಮಾಲೀಕರಿಗೂ ಬಾಯಿಪಾಠ. ಇಆರ್‌ಪಿ ವಿಷಯಕ್ಕೆ ಬಂದಾಗ ಮಾತ್ರ ಮೂರನ್ನೂ ಬಿಟ್ಟು ಹೊರಗಿನ ಕನ್ಸಲ್ಟೆಂಟಿನ ಕೈಗೆ ಕೊಡುತ್ತಾರೆ. ತಮ್ಮ ಕಾರ್ಖಾನೆ ಹೇಗೆ ನಡೆಯಬೇಕು ಎಂಬುದನ್ನು, ಅದರೊಳಗೆ ಒಂದು ದಿನವೂ ಕೆಲಸ ಮಾಡದವರು ಬರೆದುಕೊಡಬೇಕು.

ಸೇಲ್ಸ್ ಸಮಯದಲ್ಲಿ ನರೆಗೂದಲಿನ ಹಿರಿಯರು ಬರುತ್ತಾರೆ. ಇಪ್ಪತ್ತೈದು ವರ್ಷದ ಅನುಭವ. ಗಂಭೀರ ಮುಖ. ಸಹಿಯಾದ ಮರುದಿನ ಅವರು ಮಾಯ. ಕೆಲಸಕ್ಕೆ ಬರುವುದು ಮೊನ್ನೆ ತಾನೆ ಕಾಲೇಜು ಮುಗಿಸಿದ, ಲೇತ್ ಮಷೀನನ್ನು ಪಠ್ಯಪುಸ್ತಕದಲ್ಲಿ ಮಾತ್ರ ಕಂಡ ಹುಡುಗರು. ಪಾಪ, ಅವರ ತಪ್ಪೇನಿದೆ. ಶಾಪ್ ಫ್ಲೋರಿಗೆ ಇಳಿಯಲು ಸೇಫ್ಟಿ ಶೂ ಸಹ ಅವರಿಗೆ ಕೊಟ್ಟಿರುವುದಿಲ್ಲ. ಎಸಿ ರೂಮಿನಲ್ಲಿ ಕೂತು ಮುನ್ನೂರು ಪುಟದ ಬ್ಲೂಪ್ರಿಂಟ್ ಬರೆಯುತ್ತಾರೆ. ಡಿಪಾರ್ಟ್‌ಮೆಂಟ್ ಹೆಡ್ಡುಗಳು ಓದದೆ ಸಹಿ ಹಾಕುತ್ತಾರೆ. ಆರು ತಿಂಗಳ ಮೇಲೆ ‘ನಾನು ಕೇಳಿದ್ದು ಇದಲ್ಲ’ ಎನ್ನುತ್ತಾರೆ. ಕನ್ಸಲ್ಟೆಂಟ್ ಸಹಿ ತೋರಿಸಿ ಚೇಂಜ್ ರಿಕ್ವೆಸ್ಟಿನ ಬಿಲ್ ಕಳಿಸುತ್ತಾನೆ. ಇಬ್ಬರಿಗೂ ಇದು ಮೊದಲೇ ಗೊತ್ತಿತ್ತು.

ಪ್ರತಿ ವಿಭಾಗದಿಂದ ಒಬ್ಬ ‘ಕೀ ಯೂಸರ್’ ಕೊಡಿ ಎಂದರೆ ಯಾರನ್ನು ಕೊಡುತ್ತಾರೆ? ಕೆಲಸ ಬಲ್ಲವನನ್ನು ಬಿಟ್ಟರೆ ಪ್ರೊಡಕ್ಷನ್ ನಡೆಯುವುದಿಲ್ಲ. ಆದ್ದರಿಂದ ಬಿಟ್ಟರೆ ಯಾರಿಗೂ ನಷ್ಟವಿಲ್ಲದವನನ್ನು ಕೊಡುತ್ತಾರೆ. ಮುಂದಿನ ಹತ್ತು ವರ್ಷ ಇಡೀ ವಿಭಾಗ ಹೇಗೆ ನಡೆಯಬೇಕೆಂದು ತೀರ್ಮಾನಿಸುವವನು ಅವನೇ.

ಟ್ರೈನಿಂಗ್? ಶನಿವಾರ ಮಧ್ಯಾಹ್ನ, ಎರಡು ಗಂಟೆ, ಸಮೋಸ. ಅರುವತ್ತು ಜನಕ್ಕೆ ಒಂದು ಪ್ರೊಜೆಕ್ಟರ್. ಕನ್ನಡ ಮಾತ್ರ ಬಲ್ಲ ಆಪರೇಟರಿಗೆ ಇಂಗ್ಲಿಷ್ ಪರದೆ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಆ ಸಮೋಸಕ್ಕಲ್ಲ, ಟ್ರೈನಿಂಗಿಗೆ.

ನೈಕಿ ಕಂಪನಿ ಈ ವಿಷಯದಲ್ಲಿ ಪೆಟ್ಟು ತಿಂದು ಬುದ್ಧಿ ಕಲಿಯಿತು. 40 ಕೋಟಿ ಡಾಲರಿನ ಅದರ ಯೋಜನೆಯಲ್ಲಿ ಬೇಡಿಕೆ ಅಂದಾಜು ಮಾಡುವ ಐ2 ಸಾಫ್ಟ್‌ವೇರ್ ಮೊದಲು ಬಂತು. ಯಾರಿಗೂ ಬೇಡದ ಶೂಗಳಿಗೆ ಹೆಚ್ಚು ಆರ್ಡರು, ಜನ ಮುಗಿಬೀಳುವ ಶೂಗಳಿಗೆ ಕಡಿಮೆ. 2001ರಲ್ಲಿ ಸುಮಾರು ಹತ್ತು ಕೋಟಿ ಡಾಲರಿನ ಮಾರಾಟ ಕಳೆದುಕೊಂಡೆವು ಎಂದು ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಯೋಜನೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಅವಸರವನ್ನು ಹಾಕಿತು. ಗ್ರಾಹಕ ಸೇವೆಯ ಸಿಬ್ಬಂದಿಗೆ 140ರಿಂದ 180 ಗಂಟೆ ತರಬೇತಿ. ಮುಗಿಸದವರಿಗೆ ಸಿಸ್ಟಮ್ಮಿನೊಳಗೆ ಪ್ರವೇಶವೇ ಇಲ್ಲ. ನಮ್ಮಲ್ಲಿ ತರಬೇತಿ ಮುಗಿಸದ ಜನರಲ್ ಮ್ಯಾನೇಜರನ್ನು ಹಾಗೆ ಹೊರಗೆ ನಿಲ್ಲಿಸುವ ಗಂಡೆದೆ ಯಾರಿಗಿದೆ?

ಇನ್ನೊಂದು ರೋಗ, ‘ನಮ್ಮ ಬಿಸಿನೆಸ್ ಎಲ್ಲರ ಹಾಗಲ್ಲ.’ ಬೇರಿಂಗ್ ಮಾಡುವವನೂ ಹೇಳುತ್ತಾನೆ. ಬಿಸ್ಕತ್ ಮಾಡುವವನೂ ಹೇಳುತ್ತಾನೆ. ಜಗತ್ತಿನ ಅನುಭವವೆಲ್ಲ ಅರೆದು ಹಾಕಿದ ಸಾಫ್ಟ್‌ವೇರ್ ಎಂದು ಕೋಟಿ ಕೊಟ್ಟು ತರುತ್ತಾರೆ. ತಂದ ಮೇಲೆ ಅದನ್ನು ಕುಯ್ದು, ಕೊರೆದು, ತೇಪೆ ಹಾಕಿ, ನಮ್ಮ ಹಳೇ ಇಂಡೆಂಟ್ ಪುಸ್ತಕದ ಹಾಗೇ ಕಾಣುವಂತೆ ಮಾಡಿ ಎನ್ನುತ್ತಾರೆ. ಏಳು ಸಹಿ ಬೇಕಿದ್ದ ಕಡೆ ಈಗಲೂ ಏಳು ಅಪ್ರೂವಲ್. ಮೊದಲು ಫೈಲ್ ಮೇಜಿನ ಮೇಲೆ ಕೊಳೆಯುತ್ತಿತ್ತು, ಈಗ ಇನ್‌ಬಾಕ್ಸಿನಲ್ಲಿ ಕೊಳೆಯುತ್ತದೆ.

ಜರ್ಮನಿಯ ಲಿಡ್ಲ್ ಕಾರ್ಖಾನೆಯಲ್ಲ, ದಿನಸಿ ಅಂಗಡಿಗಳ ಸರಪಳಿ. ಆದರೂ ಇಲ್ಲಿ ಹೇಳಲೇಬೇಕು. ಸ್ಟಾಕಿನ ಬೆಲೆಯನ್ನು ಅವರು ಕೊಂಡ ದರದಲ್ಲಿ ಲೆಕ್ಕ ಹಾಕುತ್ತಿದ್ದರು. ಸಾಫ್ಟ್‌ವೇರ್ ಮಾರುವ ದರದಲ್ಲಿ ಹಾಕುತ್ತಿತ್ತು. ನಮ್ಮ ಪದ್ಧತಿ ಬಿಡೆವು ಎಂದು ಸಾಫ್ಟ್‌ವೇರನ್ನೇ ತಿದ್ದಿಸುತ್ತಾ ಹೋದರು. ಏಳು ವರ್ಷ, ಸುಮಾರು 50 ಕೋಟಿ ಯೂರೋ. 2018ರಲ್ಲಿ ಎಲ್ಲವನ್ನೂ ಕೈಬಿಟ್ಟರು. ಹಟ ಉಳಿಯಿತು.

ಹೊಸ ಸಿಸ್ಟಮ್ ಚಾಲೂ ಆಗುವ ಗೋ-ಲೈವ್ ದಿನಾಂಕಕ್ಕೆ ಬರೋಣ. ಅದು ಹೇಗೆ ನಿಗದಿಯಾಗುತ್ತದೆ? ಡೇಟಾ ಸಿದ್ಧವಾಯಿತೇ, ಟೆಸ್ಟಿಂಗ್ ಮುಗಿಯಿತೇ ಎಂದು ನೋಡಿ? ಛೆ. ಚೇರ್ಮನ್ನರು ವಾರ್ಷಿಕ ಸಭೆಯಲ್ಲಿ ಬಾಯಿತಪ್ಪಿ ಹೇಳಿರುತ್ತಾರೆ, ಆ ದಿನ. ಹೆಚ್ಚಾಗಿ ಏಪ್ರಿಲ್ ಒಂದು. ಹೊಸ ಆರ್ಥಿಕ ವರ್ಷವಂತೆ. ಇಡೀ ಯೋಜನೆಯಲ್ಲಿ ಪ್ರಾಮಾಣಿಕವಾದದ್ದು ಈ ದಿನದ ಆಯ್ಕೆಯೊಂದೇ.

ಟೆಸ್ಟಿಂಗಿಗೆ ಮೂರು ತಿಂಗಳು ಇಟ್ಟಿದ್ದರು. ಮೂರು ವಾರವಾಯಿತು. ಕೊನೆಗೆ ಒಂದು ಪೂಜೆಯಾಯಿತು. ಸರ್ವರಿಗೆ ಕುಂಕುಮ, ನಾಲ್ಕು ದಿಕ್ಕಿಗೆ ನಿಂಬೆಹಣ್ಣು. ದೇವರಿಗೆ ಕೈ ಮುಗಿಯುವುದು ತಪ್ಪಲ್ಲ. ಟೆಸ್ಟ್ ರಿಪೋರ್ಟಿನ ಜಾಗದಲ್ಲಿ ದೇವರನ್ನು ಕೂರಿಸುವುದು ಮಾತ್ರ ದೇವರಿಗೂ ಕಷ್ಟ.

ಆಮೇಲೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಲಾರಿಗಳು ಗೇಟಿನಲ್ಲಿ ಸಾಲುಗಟ್ಟುತ್ತವೆ. ಗೇಟ್‌ಪಾಸ್ ಪ್ರಿಂಟ್ ಆಗುವುದಿಲ್ಲ. ಮೂರನೇ ದಿನ ಯಾರೋ ಹಳೇ ಬಿಲ್ ಬುಕ್ ಹೊರತೆಗೆಯುತ್ತಾರೆ. ಎರಡನೇ ತಿಂಗಳ ಹೊತ್ತಿಗೆ ಪ್ರತಿ ಮೇಜಿನ ಮೇಲೂ ಒಂದು ಎಕ್ಸೆಲ್ ಶೀಟ್. ಇಡೀ ಇಆರ್‌ಪಿಯಲ್ಲಿ ಅತಿ ಹೆಚ್ಚು ಒತ್ತಿಸಿಕೊಳ್ಳುವ ಬಟನ್ ‘ಎಕ್ಸ್‌ಪೋರ್ಟ್ ಟು ಎಕ್ಸೆಲ್’. ಕೋಟಿಗಟ್ಟಲೆ ಸುರಿದು ಎಕ್ಸೆಲ್ ಶೀಟ್ ತುಂಬುವ ಯಂತ್ರ ಕೊಂಡಿದ್ದಾರೆ. ಅದರ ಮೇಲೆ ರಿವ್ಯೂ ಮೀಟಿಂಗಿನಲ್ಲಿ ಪ್ರೊಡಕ್ಷನ್ನಿನವರ ಎಕ್ಸೆಲ್ಲಿಗೂ ಫೈನಾನ್ಸಿನವರ ಎಕ್ಸೆಲ್ಲಿಗೂ ಜಗಳ.

ಕೊನೆಗೆ ಬಲಿ ಬೇಕಲ್ಲ? ಐಟಿ ಮ್ಯಾನೇಜರ್ ಸಿಗುತ್ತಾನೆ. ಆತನಿಗೆ ಡೇಟಾದ ಮೇಲೆ ಅಧಿಕಾರವಿರಲಿಲ್ಲ, ಡಿಪಾರ್ಟ್‌ಮೆಂಟುಗಳ ಮೇಲಿರಲಿಲ್ಲ, ದಿನಾಂಕದ ಮೇಲೂ ಇರಲಿಲ್ಲ. ಜವಾಬ್ದಾರಿ ಮಾತ್ರ ಪೂರ್ತಿ ಆತನದೇ. ಆತ ಹೋಗುತ್ತಾನೆ. ಹೊಸಬ ಬರುತ್ತಾನೆ. ಮೊದಲ ವಾರವೇ ವರದಿ ಕೊಡುತ್ತಾನೆ: ಈ ಸಾಫ್ಟ್‌ವೇರ್ ಸರಿ ಇಲ್ಲ, ಬೇರೆ ತರೋಣ, ಈ ಸಲ ಕ್ಲೌಡ್, ಜೊತೆಗೆ ಎಐ. ಬೋರ್ಡ್‌ರೂಮಿನಲ್ಲಿ ಮತ್ತೆ ಬರ್ಫಿ.

ಸಾಫ್ಟ್‌ವೇರ್ ಸರಿ ಇಲ್ಲ ಎನ್ನುವವರು ಹರ್ಷೀಸಿನ ಉಳಿದರ್ಧ ಕಥೆ ಕೇಳಿರುವುದಿಲ್ಲ. ಅದೇ ಕಂಪನಿ ಅದೇ ಸ್ಯಾಪ್‌ನ ಹೊಸ ಆವೃತ್ತಿಯನ್ನು 2002ರಲ್ಲಿ ತಂದಿತು. ಈ ಸಲ ಟೆಸ್ಟಿಂಗಿಗೆ ಕತ್ತರಿ ಹಾಕಲಿಲ್ಲ. ಅಂದುಕೊಂಡದ್ದಕ್ಕಿಂತ ನೂರಕ್ಕೆ 20ರಷ್ಟು ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಿತು. ಚಾಕೊಲೇಟ್ ಅದೇ. ಸಾಫ್ಟ್‌ವೇರಿನ ಕುಲವೂ ಅದೇ. ಬದಲಾದದ್ದು ಗಡಿಬಿಡಿ ಮಾಡುವ ದೊಡ್ಡವರ ಬುದ್ಧಿ. ಅದನ್ನು ಯಾವ ಕಂಪನಿಯೂ ಲೈಸೆನ್ಸ್ ಮೇಲೆ ಮಾರುವುದಿಲ್ಲ.

ಆದ್ದರಿಂದ ಮುಂದಿನ ಚೆಕ್ಕಿಗೆ ಸಹಿ ಹಾಕುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಮಾಡಿ. ಯಾರಿಗೂ ಹೇಳದೆ ಸ್ಟೋರ್ಸಿಗೆ ಇಳಿಯಿರಿ. ಕಣ್ಣಿಗೆ ಬಿದ್ದ ಹತ್ತು ಐಟಂ ಆರಿಸಿ. ನೀವೇ ಎಣಿಸಿ. ಪುಸ್ತಕದ ಲೆಕ್ಕಕ್ಕೆ ಹೋಲಿಸಿ. ತಾಳೆಯಾಗದಿದ್ದರೆ ಸಾಫ್ಟ್‌ವೇರ್ ಕೊಳ್ಳಬೇಡಿ. ಮೊದಲು ಎಣಿಸುವುದನ್ನು ಕಲಿಸಿ, ನಿಜ ಎಣಿಸಿದವನನ್ನು ಬೈಯದಿರುವುದನ್ನು ನೀವು ಕಲಿಯಿರಿ.

ಈಗಾಗಲೇ ಕೊಂಡಾಗಿದ್ದರೆ ಇನ್ನೂ ಸುಲಭ. ಅಷ್ಟೆಲ್ಲ ದುಡ್ಡು ಸುರಿದ ಆ ಸಿಸ್ಟಮ್ಮಿಗೆ ಒಮ್ಮೆ ನೀವೇ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ನಿಮ್ಮ ಪಿಎಯನ್ನು ಕೇಳಿ. ಗೋ-ಲೈವ್ ಆದ ದಿನದಿಂದ ನಿಮ್ಮ ಅಪ್ರೂವಲ್‌ಗಳನ್ನೆಲ್ಲ ಕೊಡುತ್ತಿರುವುದು ಅವರೇ.